ರುಬಿಡಿಯಂ ಆರುವವರೆಗೆ

"ಇದನ್ನ ಟೆಸ್ಟ್ ಮಾಡಿದ್ದು ಯಾರು?"

ಪೆಟ್ಟಿಗೆಗೆ ದಾರದಲ್ಲಿ ಕಟ್ಟಿದ್ದ ಚೀಟಿಯನ್ನು ಮಧುಕರ್ ಎರಡು ಬೆರಳ ತುದಿಯಲ್ಲಿ ಹಿಡಿದು, ಹೋಟೆಲಿನ ಸಾರಿನಲ್ಲಿ ಸಿಕ್ಕಿದ ಕೂದಲನ್ನು ಮಾಣಿಗೆ ತೋರಿಸುವವನಂತೆ ಎತ್ತಿ ತೋರಿಸಿದ.

"ನನ್ ಮಗಳು ಸಾರ್, ಅರೀಬಾ," ಎಂದ ಖಾದರ್. "ಎಂ.ಟೆಕ್ ಮಾಡಿದಾಳೆ."

"ಎಂ.ಟೆಕ್ ಮಾಡ್ದೆ ಇರೋರು ಈ ಊರಲ್ಲಿ ಯಾರಿದ್ದಾರೆ ಹೇಳಿ. ನನ್ನ ಬಾಡಿಗೆಯವನೂ ಎಂ.ಟೆಕ್ಕೇ. ಫ್ಯೂಸ್ ಹೋದ್ರೆ ನನ್ನನ್ನ ಕರೀತಾನೆ."

ಖಾದರ್ ನಕ್ಕ. ಗಿರಾಕಿಯ ಯಾವ ಮಾತಿಗಾದರೂ ನಗುವುದು ಶಿವಾಜಿನಗರದ ಆ ಓಣಿಯಲ್ಲಿ ಮೂವತ್ತು ವರ್ಷದಿಂದ ಅಂಗಡಿ ಇಟ್ಟವನಿಗೆ ಕಷ್ಟದ ಕೆಲಸವಲ್ಲ. ಅಂಗಡಿಯೊಳಗೆ ನೆಲದಿಂದ ಸೂರಿನವರೆಗೆ ಹಳೆಯ ಅಳತೆಯ ಯಂತ್ರಗಳು ಒಂದರ ಮೇಲೊಂದು ಕೂತಿದ್ದವು. ಮುಚ್ಚಿಹೋದ ಕಾರ್ಖಾನೆಗಳಿಂದ, ಹರಾಜಾದ ಲ್ಯಾಬುಗಳಿಂದ, ಕಳಚಿದ ಮೊಬೈಲ್ ಟವರುಗಳಿಂದ ಬಂದವು. ಮಧುಕರನ ಕೈಯಲ್ಲಿದ್ದದ್ದೂ ಟವರಿನದೇ. ಅಂಗೈಯಗಲದ, ಭಾರವಾದ ಲೋಹದ ಪೆಟ್ಟಿಗೆ. ಅದರೊಳಗೆ ಪುಟ್ಟ ಗಾಜಿನ ಬುರುಡೆಯಲ್ಲಿ ರುಬಿಡಿಯಂ ಎಂಬ ಲೋಹದ ಆವಿ. ಆ ಆವಿಯ ಪರಮಾಣುಗಳ ಲಯವನ್ನು ಹಿಡಿದು ಪೆಟ್ಟಿಗೆ ಸೆಕೆಂಡಿಗೆ ಸರಿಯಾಗಿ ಒಂದು ಕೋಟಿ ಸಲ ಮಿಡಿಯುತ್ತದೆ. ಹೊಸದಾಗಿ ಕೊಳ್ಳಲು ಹೋದರೆ ಮಧುಕರನ ಪಿಂಚಣಿಗೆ ಎಟುಕುವಂಥದ್ದಲ್ಲ. ಇಲ್ಲದಿದ್ದರೆ ಅವನು ಈ ಓಣಿಗೆ ಕಾಲಿಡುತ್ತಿರಲಿಲ್ಲ.

ಒಳಗಿನ ಮೇಜಿನ ಬಳಿ ತಲೆ ಬಗ್ಗಿಸಿ ಬೆಸುಗೆ ಹಾಕುತ್ತಿದ್ದ ಅರೀಬಾ ಕೆಲಸ ನಿಲ್ಲಿಸದೆಯೇ ಹೇಳಿದಳು: "ಸರ್, ದಪ್ಪ ಅಲ್ಯೂಮಿನಿಯಂ ಪ್ಲೇಟ್ ಮೇಲೆ ಕೂರ್ಸಿ. ತುಂಬಾ ಬಿಸಿಯಾಗತ್ತೆ. ಹಸಿರು ದೀಪ ಹತ್ತಿದ್ರೆ ಲಾಕ್ ಆಯ್ತು, ಲಯ ಹಿಡೀತು ಅಂತ. ಆಮೇಲೂ ಸ್ವಲ್ಪ ಹೊತ್ತು ಬಿಡಿ."

"ನೀನು ಹುಟ್ಟೋಕೆ ಮುಂಚೆ ನಾನು ಇದರ ಅಪ್ಪನನ್ನ ಕ್ಯಾಲಿಬ್ರೇಟ್ ಮಾಡ್ತಿದ್ದೆ ಕಣಮ್ಮಾ," ಎಂದ ಮಧುಕರ್.

ಅವಳು ಬೆಸುಗೆಯ ಹೊಗೆಯನ್ನು ಊದಿ ಸರಿಸಿದಳು. ಖಾದರ್ ಪೆಟ್ಟಿಗೆಯನ್ನು ಉರ್ದು ಪತ್ರಿಕೆಯೊಂದರಲ್ಲಿ ಸುತ್ತಿ, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟ.

ಮಧುಕರ್ ಹಲಸೂರಿನಲ್ಲಿ ಹುಟ್ಟಿ, ಕಂಪನಿಯೊಂದರ ಕ್ಯಾಲಿಬ್ರೇಶನ್ ಲ್ಯಾಬಿನ ಮುಖ್ಯಸ್ಥನಾಗಿ ನಿವೃತ್ತನಾಗಿ, ರಾಮಮೂರ್ತಿ ನಗರದಲ್ಲಿ ಕೆಳಗೆ ಬಾಡಿಗೆಗೆ ಬಿಟ್ಟು ಮೇಲೆ ವಾಸವಾಗಿದ್ದವನು. ಉಳಿದವರ ಯಂತ್ರಗಳು ಸುಳ್ಳು ಹೇಳುತ್ತವೆಯೇ ಎಂದು ಪರೀಕ್ಷಿಸುವುದು ಅವನ ಕೆಲಸವಾಗಿತ್ತು. ಸುಳ್ಳು ಹೇಳಿದವುಗಳ ಮೇಲೆ 'ತಿರಸ್ಕೃತ' ಎಂಬ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತಿದ್ದ. ಆ ಚೀಟಿಗಳ ಒಂದು ಸುರುಳಿಯನ್ನು ಬರುವಾಗ ಮನೆಗೆ ತಂದಿದ್ದ. ಕೆಲಸ ಹೋಗಿತ್ತು, ಅಭ್ಯಾಸ ಉಳಿದಿತ್ತು. ಮೂಲೆ ಬೇಕರಿಯ ತಕ್ಕಡಿ, ಕೆಳಮನೆಯವನ ಬೈಕಿನ ಸದ್ದು, ಅಳಿಯನ ಇಂಗ್ಲಿಷು, ಹೆಂಡತಿ ಅಡುಗೆಮನೆಯಲ್ಲಿ ಹತ್ತು ನಿಮಿಷ ಮುಂದಿಟ್ಟುಕೊಂಡಿದ್ದ ಗಡಿಯಾರ, ಯಾವುದೂ ಅವನ ಕಣ್ಣಲ್ಲಿ ಪಾಸಾಗಿರಲಿಲ್ಲ.

ಗಡಿಯಾರದ ಹುಚ್ಚಿನವರದೇ ಒಂದು ವಾಟ್ಸಾಪ್ ಗುಂಪಿತ್ತು. ಯಾರ ಮನೆಯ ಗಡಿಯಾರ ಎಷ್ಟು ನಿಖರ ಎಂದು ಸೆಕೆಂಡಿನ ಕೋಟಿಯ ಪಾಲಿನವರೆಗೆ ಅಳೆದು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಹವ್ಯಾಸಿಗಳು. ತಿಂಗಳಿಗೊಮ್ಮೆ ಇಂದಿರಾನಗರದಲ್ಲಿ ಆದಿಲ್ ಎಂಬುವನ ಮನೆಯ ತಾರಸಿಯಲ್ಲಿ ಸೇರುತ್ತಿದ್ದರು. ಚಿಪ್ ಕಂಪನಿಗಳ ಹುಡುಗರು, ಕಾಲೇಜಿನ ಮೇಷ್ಟ್ರುಗಳು. ಬಾಯಿ ತೆರೆದರೆ ಇಂಟರ್‌ನೆಟ್ಟಿನಲ್ಲಿ ಓದಿದ್ದು, ಕೈ ನೋಡಿದರೆ ಬೆಸುಗೆಯ ಒಂದು ಸುಟ್ಟ ಗಾಯವೂ ಇಲ್ಲ ಎಂದು ಮಧುಕರ್ ಅವರ ಬಗ್ಗೆ ಹೆಂಡತಿಯ ಬಳಿ ಹೇಳುತ್ತಿದ್ದ. ಆದರೆ ಒಂದು ಸಭೆಯನ್ನೂ ತಪ್ಪಿಸುತ್ತಿರಲಿಲ್ಲ. ಅಲ್ಲಿ ಎಲ್ಲರೂ ಅವನನ್ನು 'ಸರ್' ಎನ್ನುತ್ತಿದ್ದರು.

ಪೆಟ್ಟಿಗೆಯನ್ನು ಅವನು ಅಚ್ಚುಕಟ್ಟಾಗಿಯೇ ಜೋಡಿಸಿದ. ಕೆಲಸದಲ್ಲಿ ಸೋಮಾರಿಯಲ್ಲ. ಅಲ್ಯೂಮಿನಿಯಂ ಹಲಗೆಗೆ ತೂತು ಕೊರೆದು, ಶಾಖ ಹರಿಯುವ ಬಿಳಿ ಪೇಸ್ಟನ್ನು ತೆಳ್ಳಗೆ ಸವರಿ, ನಾಲ್ಕು ಮೂಲೆಗೂ ತಿರುಪು ಬಿಗಿದ. ಏರಿಳಿತವಿಲ್ಲದ ಪವರ್ ಸಪ್ಲೈ ತಾನೇ ಕಟ್ಟಿದ. ಕೊನೆಗೆ ತನ್ನ ಕೌಂಟರಿನ ಮೇಲಿನ ವೆಲ್ವೆಟ್ ಮುಸುಕು ತೆಗೆದ. ಒಂದು ಸೆಕೆಂಡಿಗೆ ಎಷ್ಟು ಮಿಡಿತ ಎಂದು ಎಣಿಸಿ ತೋರಿಸುವ ಯಂತ್ರ ಅದು. ನಿವೃತ್ತಿಯ ದಿನ ಲ್ಯಾಬಿನವರು ಕೊಟ್ಟದ್ದು. ಮುಂಭಾಗದಲ್ಲಿ ಅವನ ಹೆಸರಿನ ಹಿತ್ತಾಳೆಯ ತಗಡು. ಕೊಡುವ ಮುಂಚೆ ಅದನ್ನು ಕ್ಯಾಲಿಬ್ರೇಟ್ ಮಾಡಿ ಸಹಿ ಹಾಕಿದವನೂ ಅವನೇ. ಬೇರೆ ಯಾರ ಸಹಿಯೂ ಅವನಿಗೆ ಹಿಡಿಸುತ್ತಿರಲಿಲ್ಲ.

ಪೆಟ್ಟಿಗೆ ಬಿಸಿಯಾಯಿತು. ಹಸಿರು ದೀಪ ಹತ್ತಿತು. ಕೌಂಟರಿನ ಪರದೆಯ ಮೇಲೆ ಅಂಕಿ ಬಂದು ನಿಂತಿತು: ಒಂದು ಕೋಟಿ ಎರಡು.

ಊಟ ಮುಗಿಸಿ ಬಂದು ನೋಡಿದರೂ ಒಂದು ಕೋಟಿ ಎರಡು.

"ಎರಡು ಹೆಚ್ಚು ತೋರಿಸ್ತಿದೆ," ಎಂದ, ಗೆದ್ದವನ ದನಿಯಲ್ಲಿ.

ಹೆಂಡತಿ ಭಾಗ್ಯಲಕ್ಷ್ಮಿ ಒಣಗಿದ ಬಟ್ಟೆ ಮಡಚುತ್ತಿದ್ದಳು. "ಕೋಟಿಗೆ ಎರಡು ತಾನೇ ರೀ? ಅದೂ ತಪ್ಪಾ?"

"ರುಬಿಡಿಯಂ ಅಂದ್ರೆ ಕೋಟಿಗೆ ನೂರನೇ ಒಂದು ಭಾಗ ಕೂಡ ಆಚೀಚೆ ಆಗ್ಬಾರ್ದು. ಇದು ಲಾಕೇ ಆಗಿಲ್ಲ. ಒಳಗಡೆ ಸತ್ತಿದೆ. ಹಸಿರು ದೀಪಾನ ನೇರ ಕರೆಂಟಿಗೆ ಕೊಟ್ಟು ಉರಿಸ್ತಿದಾರೆ. ಗುಜರಿಯೋರ ಬುದ್ಧಿ ಇನ್ನೆಂಥದ್ದು?"

"ಬಿಚ್ಚಿ ನೋಡಿದ್ರಾ?"

"ಬಿಚ್ಚೋದು ಯಾಕೆ? ಕೌಂಟರ್ ಹೇಳ್ತಿದೆಯಲ್ಲ."

ಸುರುಳಿಯಿಂದ ಒಂದು ಕೆಂಪು ಚೀಟಿ ಹರಿದು ಪೆಟ್ಟಿಗೆಯ ನೆತ್ತಿಗೆ ಅಂಟಿಸಿದ. ಅಂಕಿಯೂ ಚೀಟಿಯೂ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆದ. ಖಾದರನ ಅಂಗಡಿಯ ಹೆಸರು ಹಾಕಿ ಗುಂಪಿಗೆ ಬರೆದ: 'ಶಿವಾಜಿನಗರದ ಸತ್ತ ಮಾಲು. ಲಾಕ್ ದೀಪವೇ ಮೋಸ. ಎಂ.ಟೆಕ್ ಮಗಳ ಟೆಸ್ಟ್ ಸರ್ಟಿಫಿಕೇಟ್ ಉಚಿತ.' ಹೆಬ್ಬೆರಳುಗಳು, ನಗುವ ಮುಖಗಳು ಸಾಲಾಗಿ ಬಂದವು. 'ಸರ್ ಹೇಳಿದ್ಮೇಲೆ ಮುಗೀತು' ಎಂದು ಆದಿಲ್ ಬರೆದ. ಮಧುಕರನಿಗೆ ಅವರೆಲ್ಲರ ಮೇಲೆ ಅಸಹ್ಯವಾಯಿತು. ಒಬ್ಬನಾದರೂ ಒಂದು ಪ್ರಶ್ನೆ ಕೇಳಬಾರದೇ? ಕುರಿಗಳು. ಹಾಗೆಂದುಕೊಳ್ಳುತ್ತಲೇ ಹೆಬ್ಬೆರಳುಗಳನ್ನು ಇನ್ನೊಮ್ಮೆ ನೋಡಿದ.

ಮರುದಿನ ಖಾದರ್ ಫೋನ್ ಮಾಡಿದ. ದನಿಯಲ್ಲಿ ನಗುವಿರಲಿಲ್ಲ.

"ಸಾರ್, ನಂಗೆ ಹೇಳಿದ್ರೆ ಬಂದು ತಗೊಂಡ್ ಹೋಗ್ತಿದ್ದೆ. ಗ್ರೂಪ್‌ಗೆ ಯಾಕೆ ಸಾರ್ ಹಾಕಿದ್ರಿ? ಹೊಸಕೋಟೆ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಿಂದು ಪೂರಾ ಲ್ಯಾಬ್ ಆರ್ಡರ್ ಇತ್ತು. ಅರೀಬಾನೇ ಮಾತಾಡಿ ತಂದಿದ್ದು, ಅವಳ ಮೊದಲನೇದು. ಅಲ್ಲಿನ ಮೇಡಂ ನಿಮ್ ಗ್ರೂಪಲ್ಲಿ ಇದಾರೆ. ಬೆಳಿಗ್ಗೆ ಫೋನ್ ಮಾಡಿ, ಬೇಡ ಅಂದ್ಬಿಟ್ರು."

"ಸತ್ತಿರೋ ಮಾಲು ಮಾರಿದ್ರೆ ಬೇಡ ಅನ್ನದೆ ಹಾರ ಹಾಕ್ತಾರಾ?"

"ಅದು ಸತ್ತಿಲ್ಲ ಸಾರ್. ಅವಳು ವಾರಗಟ್ಟಲೆ ಓಡಿಸಿ ನೋಡಿದಾಳೆ."

"ಯಾವುದರ ಎದುರಿಗೆ ನೋಡಿದಾಳೆ? ಅಂಗಡಿ ಗೋಡೆ ಗಡಿಯಾರದ ಎದುರಿಗಾ?"

ಖಾದರನ ಹಿಂದೆ ಮಾರುಕಟ್ಟೆಯ ಗದ್ದಲ ಕೇಳುತ್ತಿತ್ತು. "ಭಾನುವಾರ ನಾವಿಬ್ರೂ ಬರ್ತೀವಿ ಸಾರ್. ಅವಳು ಕಣ್ಣಾರೆ ನೋಡ್ಬೇಕಂತೆ."

"ಬರ್ಲಿ. ಕಲಿತ್ಕೊಂಡು ಹೋಗ್ಲಿ."

ಅವಳಿಗೆ ಕಲಿಸಲೆಂದೇ ಮಧುಕರ್ ತಯಾರಾದ. ಬರಿಯ ಒಂದು ಅಂಕಿ ತೋರಿಸಿದರೆ ಸಾಲದು, ಅವಳು ಎಲ್ಲಿಯೂ ನುಸುಳಿಕೊಳ್ಳಲಾಗದ ಹಾಗೆ ಎಲ್ಲ ದಿಕ್ಕಿನಿಂದಲೂ ಬಿಗಿಯಬೇಕು. ಶನಿವಾರ ಬೆಳಿಗ್ಗೆಯೇ ಆದಿಲನ ಮನೆಗೆ ಹೋಗಿ, ಉಪಗ್ರಹಗಳಿಂದ ಸಮಯ ಹಿಡಿದು ಪೆಟ್ಟಿಗೆಯಂತೆಯೇ ಸೆಕೆಂಡಿಗೆ ಕೋಟಿ ಸಲ ಮಿಡಿಯುವ ಅವನ ರಿಸೀವರನ್ನು ಎರವಲು ತಂದ. ತಾರಸಿಯ ನೀರಿನ ಟ್ಯಾಂಕಿನ ಮೇಲೆ ಆಂಟೆನಾ ನಿಲ್ಲಿಸಿದ. ರಿಸೀವರಿನ ಸಂಕೇತವನ್ನೂ ರುಬಿಡಿಯಂನ ಸಂಕೇತವನ್ನೂ ಆಸಿಲೋಸ್ಕೋಪಿನ ಒಂದೇ ಪರದೆಯ ಮೇಲೆ ಪಕ್ಕಪಕ್ಕದಲ್ಲಿ ಹಾಕಿದ. ಪೆಟ್ಟಿಗೆ ಸುಳ್ಳು ಹೇಳುತ್ತಿದ್ದರೆ ಒಂದು ಗೆರೆ ಇನ್ನೊಂದನ್ನು ಬಿಟ್ಟು ಕಣ್ಣೆದುರಿಗೇ ಓಡಿಹೋಗಬೇಕು.

ಓಡಲಿಲ್ಲ. ಎರಡು ಗೆರೆಗಳೂ ಜೊತೆಯಾಗಿ ನಿಂತಿದ್ದವು.

ವೈರು ಸಡಿಲವಾಗಿರಬೇಕೆಂದು ಬದಲಿಸಿದ. ಕಾಫಿ ಕುಡಿದು ಬಂದ. ಗೆರೆಗಳು ಕದಲಿರಲಿಲ್ಲ. ಆಗ ರಿಸೀವರನ್ನೇ ನೇರವಾಗಿ ಕೌಂಟರಿಗೆ ಕೊಟ್ಟ. ಪರದೆಯ ಮೇಲೆ ಬಂತು: ಒಂದು ಕೋಟಿ ಎರಡು.

ಒಂದು ಕ್ಷಣ ಅವನಿಗೆ ನಿಜವಾಗಿಯೂ ಅನಿಸಿದ್ದು, ಉಪಗ್ರಹಗಳೇ ತಪ್ಪಿರಬೇಕು ಎಂದು. ಆಮೇಲೆ ಕುರ್ಚಿಯಲ್ಲಿ ಕೂತ. ಹಿತ್ತಾಳೆಯ ತಗಡಿನಲ್ಲಿ ಅವನ ಹೆಸರು ಹೊಳೆಯುತ್ತಿತ್ತು. ಕೌಂಟರಿಗೆ ಸೆಕೆಂಡನ್ನು ಅಳೆದುಕೊಡುವ ಒಳಗಿನ ಹರಳು ಹಳತಾಗುತ್ತ ಹೋದಂತೆ ನಿಧಾನವಾಗುತ್ತದೆ, ಅದರ ಸೆಕೆಂಡು ಉದ್ದವಾಗುತ್ತದೆ, ಉದ್ದವಾದ ಸೆಕೆಂಡಿನಲ್ಲಿ ಎಣಿಸಿದರೆ ಸರಿಯಾದದ್ದೆಲ್ಲ ಹೆಚ್ಚಾಗಿಯೇ ಕಾಣುತ್ತದೆ. ಇದು ಅವನು ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ. ನಿವೃತ್ತನಾದ ಮೇಲೆ ಅದನ್ನು ಒಮ್ಮೆಯೂ ಯಾವುದರ ಎದುರಿಗೂ ನಿಲ್ಲಿಸಿ ನೋಡಿರಲಿಲ್ಲ. ಬೇರೆಯವರು ಹೀಗೆ ಮಾಡಿದ್ದರೆ ಲ್ಯಾಬಿನ ಮಧ್ಯದಲ್ಲಿ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ, ಹೊಲಿಗೆ ಯಂತ್ರ ರಿಪೇರಿಗೆ ಹೋಗು ಎಂದಿರುತ್ತಿದ್ದ. ಹಾಗೆ ಅನ್ನಿಸಿಕೊಂಡವರು ಒಬ್ಬಿಬ್ಬರಲ್ಲ.

"ಏನಾಯ್ತು ರೀ? ಮುಖ ಯಾಕೆ ಹಂಗಿದೆ?" ಭಾಗ್ಯಲಕ್ಷ್ಮಿ ಬಾಗಿಲಲ್ಲಿ ನಿಂತು ಕೇಳಿದಳು.

"ಏನಿಲ್ಲ. ಸ್ಟೂಲ್ ಹಿಡ್ಕೋ ಬಾ."

ಕೌಂಟರನ್ನು ಎತ್ತಿ ಕೋಣೆಯ ಬೀರುವಿನ ಮೇಲಿಟ್ಟು, ಹಳೆಯ ಹೊದಿಕೆ ಹೊದಿಸಿದ.

ಭಾನುವಾರ ಅವರು ಬರುವಷ್ಟರಲ್ಲಿ ಏನು ಹೇಳಬೇಕೆಂದು ಸಿದ್ಧವಾಗಿತ್ತು. ದೊಡ್ಡ ಮನಸ್ಸು ಮಾಡಬೇಕು, ಅಷ್ಟೇ. ಖಾದರ್ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದ. ಅರೀಬಾ ಬಾಗಿಲಲ್ಲಿ ಬಿಟ್ಟಳು. ಕುರ್ಚಿಯಲ್ಲಿ ಕೂರುವ ಮುಂಚೆ ಮೇಜಿನತ್ತ ನೋಡಿದಳು. ಹಸಿರು ದೀಪ ಉರಿಯುತ್ತಿತ್ತು. ನೆತ್ತಿಯ ಮೇಲೆ ಕೆಂಪು ಚೀಟಿ ಹಾಗೆಯೇ ಇತ್ತು.

"ನೋಡಿ ಖಾದರ್," ಎಂದ ಮಧುಕರ್. "ನಾನು ಸ್ವಲ್ಪ ಕೂತು ನೋಡ್ದೆ. ಸರಿಯಾಗಿ ಕೂರಿಸಿ, ಸರಿಯಾಗಿ ಬಿಸಿ ಮಾಡಿದ್ರೆ ಪರವಾಗಿಲ್ಲ, ಕೆಲಸಕ್ಕೆ ಬರತ್ತೆ. ವಾಪಸ್ ಕೊಟ್ಟು ನಿಮಗೆ ತೊಂದ್ರೆ ಮಾಡಲ್ಲ. ನಾನೇ ಅಡ್ಜಸ್ಟ್ ಮಾಡ್ಕೋತೀನಿ."

ಖಾದರನ ಮುಖ ಅರಳಿತು. "ಅಷ್ಟ್ ಹೇಳಿದ್ರಲ್ಲ ಸಾರ್, ಸಾಕು. ಗ್ರೂಪಲ್ಲಿ ಒಂದ್ ಲೈನ್ ಹಾಕ್ಬಿಟ್ರೆ..."

"ಹಾಕೋಣ, ಹಾಕೋಣ."

ಅರೀಬಾ ಎದ್ದು ಮೇಜಿನ ಬಳಿ ಹೋದಳು. ರಿಸೀವರಿನಿಂದ ಕಿಟಕಿಯಾಚೆ ಹೋಗಿದ್ದ ಆಂಟೆನಾ ವೈರನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಪರದೆಯ ಮೇಲಿನ ಜೋಡಿ ಗೆರೆಗಳನ್ನು ನೋಡಿದಳು. ಮೇಜಿನ ಧೂಳಿನಲ್ಲಿ ಚೌಕಾಕಾರದ ಒಂದು ಖಾಲಿ ಜಾಗವಿತ್ತು.

"ನಿಮ್ ಕೌಂಟರ್ ಎಲ್ಲಿ, ಅಂಕಲ್?"

ಅಂಗಡಿಯಲ್ಲಿ ಸರ್ ಎಂದಿದ್ದಳು. ಮಧುಕರ್ ಅದನ್ನು ಗಮನಿಸಿದ.

"ಅದಾ?" ಚಹಾ ತಂದಿಡುತ್ತಿದ್ದ ಭಾಗ್ಯಲಕ್ಷ್ಮಿ ಹೇಳಿದಳು. "ಬೀರು ಮೇಲೆ ಹತ್ತಿಸಿದ್ರು ನಿನ್ನೆ. ಅಬ್ಬಾ ಏನ್ ಭಾರ! ನಾನೇ ಸ್ಟೂಲ್ ಹಿಡ್ಕೊಂಡಿದ್ದೆ."

ಅರೀಬಾ ಬೀರುವಿನ ಕೋಣೆಯ ಕಡೆ ನೋಡಲೂ ಇಲ್ಲ. ಮಧುಕರನನ್ನೇ ನೋಡಿದಳು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷ ಬೇರೆಯವರನ್ನು ಅವನು ನೋಡಿದ್ದೇ ಹಾಗೆ. ಎದುರಿಗೆ ಕೂತು ಅದನ್ನು ಕಂಡದ್ದು ಮಾತ್ರ ಇದೇ ಮೊದಲು.

ಅವಳು ಪವರ್ ಸ್ವಿಚ್ ಆರಿಸಿದಳು. ಹಸಿರು ದೀಪ ಹೋಯಿತು.

"ಏಯ್, ಏನು ಮಾಡ್ತಿದೀಯ?"

"ತಗೊಂಡ್ ಹೋಗ್ತೀವಿ ಅಂಕಲ್. ದುಡ್ಡು ಬೆಳಿಗ್ಗೇನೇ ನಿಮ್ ಅಕೌಂಟಿಗೆ ಹಾಕಿ ಆಯ್ತು."

"ಚೆನ್ನಾಗಿದೆ ಅಂತ ಹೇಳಿದ್ನಲ್ಲಮ್ಮಾ!"

"ಚೆನ್ನಾಗಿರೋದು ನಂಗೊತ್ತು. ಅದಕ್ಕೇ ತಗೊಂಡ್ ಹೋಗ್ತಿರೋದು."

"ಜಾನೇ ದೇ ಮಾ," ಎಂದು ಖಾದರ್ ಮನೆಮಾತಿನಲ್ಲಿ ಮೆಲ್ಲಗೆ ಹೇಳಿದ, ಹೋಗಲಿ ಬಿಡು ಎಂದು. ಅವಳು ಬಿಡಲಿಲ್ಲ. ಚೀಲದಿಂದ ಟವಲು ತೆಗೆದು ಪೆಟ್ಟಿಗೆಯನ್ನು ಮುಟ್ಟಿದವಳು ಚಟ್ಟನೆ ಕೈ ಹಿಂದೆಗೆದಳು. ಸುಡುತ್ತಿತ್ತು. ಬಿಸಿ ಆರುವ ತನಕ ತಿರುಪು ಬಿಚ್ಚುವಂತಿಲ್ಲ, ಸುತ್ತುವಂತಿಲ್ಲ, ಹೊರುವಂತಿಲ್ಲ.

"ಆರ್ಲಿ ಅಬ್ಬಾ. ಕೂತಿರೋಣ," ಎಂದಳು ಅಪ್ಪನಿಗೆ.

ಹಾಗೆ ನಾಲ್ವರೂ ಕೂತರು. ಅಷ್ಟು ದೀರ್ಘವಾದ ಮೌನವನ್ನು ಮಧುಕರ್ ಈ ಮನೆಯಲ್ಲಿ ಕೇಳಿರಲಿಲ್ಲ. ಸದಾ ಮಾತಾಡುತ್ತಿದ್ದವನು ಅವನೇ. ಕೆಳಗೆ ಬಾಡಿಗೆಯವನು ಬೈಕು ತೊಳೆಯುತ್ತಿದ್ದ. ಖಾದರ್ ಚಹಾ ಚೆನ್ನಾಗಿದೆ ಎಂದ, ಶುಂಠಿ ಹಾಕಿದ್ದೀರಾ ಎಂದ. ಏಲಕ್ಕಿ ಎಂದಳು ಭಾಗ್ಯಲಕ್ಷ್ಮಿ. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ಒಳ್ಳೆಯ ಏಲಕ್ಕಿ ಸಿಗುತ್ತದೆ ಎಂದು ಖಾದರ್ ಹೇಳಿದ. ಅಲ್ಲಿಗೆ ಆ ಮಾತು ಮುಗಿಯಿತು. ಅರೀಬಾ ಕೈ ಕಟ್ಟಿಕೊಂಡು ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದಳು. ಅವಳ ಮುಂದಿನ ಚಹಾ ಕೆನೆಗಟ್ಟಿತ್ತು.

ಮಧುಕರನ ತಲೆಯಲ್ಲಿ ಅವಳ ಮೇಲೆ ಎಸೆಯಬೇಕಾದ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಸೊಕ್ಕು ಎನ್ನಬೇಕೆನಿಸಿತು. ವಯಸ್ಸಿಗೆ ಬೆಲೆಯಿಲ್ಲ ಎನ್ನಬೇಕೆನಿಸಿತು. ಗುಜರಿ ಎನ್ನಬೇಕೆನಿಸಿತು. ಯಾವುದೂ ಹೊರಗೆ ಬರಲಿಲ್ಲ. ಹೆಂಡತಿ ಅವನ ಕಡೆ ನೋಡುತ್ತಿದ್ದಳು. ಬೀರು, ಸ್ಟೂಲು, ಹೊದಿಕೆ ಎಲ್ಲವೂ ಈಗ ಅವಳಿಗೂ ಅರ್ಥವಾದಂತಿತ್ತು.

"ಮಿಷಿನ್ನು ಸರಿ ಇದೆಯೇನ್ರೀ ಹಂಗಾದ್ರೆ?" ಎಂದು ಅವಳು ಮೆಲ್ಲಗೆ ಕೇಳಿದಳು.

ಮಧುಕರ್ ಫೋನು ತೆಗೆದ. ಮೊದಲು ಬರೆದದ್ದು: 'ನನ್ನ ಕೈಯಲ್ಲಿ ಸೂಕ್ತ ಹೊಂದಾಣಿಕೆಯ ನಂತರ ತೃಪ್ತಿಕರ.' ತಲೆಯೆತ್ತಿದ. ಅರೀಬಾ ಏನನ್ನೂ ಕೇಳುತ್ತಿರಲಿಲ್ಲ. ಅವಳಿಗೆ ಅವನಿಂದ ಏನೂ ಬೇಕಾಗಿರಲಿಲ್ಲ ಎಂಬುದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಬರೆದದ್ದನ್ನು ಅಳಿಸಿ, ಒಂದೇ ಉಸಿರಿಗೆ ಬರೆದ: 'ಖಾದರ್ ಅವರ ಪೆಟ್ಟಿಗೆ ಸರಿಯಾಗಿದೆ. ಅರೀಬಾ ಅವರ ಟೆಸ್ಟ್ ಸರಿಯಾಗಿದೆ. ತಪ್ಪು ತೋರಿಸಿದ್ದು ನನ್ನ ಕೌಂಟರ್. ನಾನು ಅದನ್ನು ಪರೀಕ್ಷಿಸಿರಲಿಲ್ಲ.' ಕಳಿಸಿ, ಫೋನನ್ನು ಖಾದರನ ಕೈಗೆ ಕೊಟ್ಟ.

ಖಾದರ್ ಓದಿದ. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದ. "ಥ್ಯಾಂಕ್ಸ್ ಸಾರ್," ಎಂದ. ಅವನ ಕಣ್ಣು ತೇವವಾಗಿತ್ತು. ಮಧುಕರನಿಗೆ ಆ ತೇವವನ್ನೂ ಸಹಿಸಲಾಗಲಿಲ್ಲ.

ಅಷ್ಟರಲ್ಲಿ ಫೋನು ಖಾದರನ ಕೈಯಲ್ಲೇ ಗುಂಯ್‌ಗುಟ್ಟತೊಡಗಿತು. 'ವಾಹ್ ಸರ್!' 'ಎಂಥ ಪ್ರಾಮಾಣಿಕತೆ!' 'ಇದು ನಿಜವಾದ ವಿಜ್ಞಾನಿಯ ಲಕ್ಷಣ.' ಆದಿಲ್ ಕೈಮುಗಿದ ಚಿತ್ರಗಳನ್ನು ಸಾಲಾಗಿ ಕಳಿಸಿದ್ದ. ಮುಂದಿನ ಸಭೆಯಲ್ಲಿ ಸರ್ ಇದರ ಬಗ್ಗೆ ಮಾತಾಡಬೇಕು ಎಂದು ಯಾರೋ ಬರೆದಿದ್ದರು. ಹೊಸಕೋಟೆ ಕಾಲೇಜಿನ ಮೇಡಂ ಕೂಡ ಚಪ್ಪಾಳೆ ತಟ್ಟಿದ್ದರು. ಖಾದರನ ಹೆಸರನ್ನಾಗಲಿ ಅರೀಬಾಳ ಹೆಸರನ್ನಾಗಲಿ ಒಬ್ಬರೂ ಎತ್ತಿರಲಿಲ್ಲ.

ಅಪ್ಪನ ಭುಜದ ಮೇಲಿಂದ ಅರೀಬಾ ಅದನ್ನೆಲ್ಲ ಓದಿದಳು. ಮೂಗಿನಲ್ಲಿ ಸಣ್ಣಗೆ ನಕ್ಕಳು. ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದಳು. ಈ ಸಲ ಕೈ ತೆಗೆಯಲಿಲ್ಲ. ಸ್ಕ್ರೂಡ್ರೈವರ್ ಕೇಳಲಿಲ್ಲ, ತನ್ನದೇ ತಂದಿದ್ದಳು. ನಾಲ್ಕು ತಿರುಪುಗಳನ್ನು ಬಿಚ್ಚಿ, ಮಧುಕರನ ಅಲ್ಯೂಮಿನಿಯಂ ಹಲಗೆಯನ್ನು ಮೇಜಿನ ಮೇಲೇ ಬಿಟ್ಟು, ತಿರುಪುಗಳನ್ನು ಅದರ ಮೇಲೆ ಜೋಡಿಸಿಟ್ಟಳು. ಖಾದರ್ ಫೋನನ್ನು ಮಧುಕರನಿಗೆ ಹಿಂದಿರುಗಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪು ಚೀಟಿಯನ್ನು ಉಗುರಿನಿಂದ ಕೆರೆದ. ಶಾಖಕ್ಕೆ ಅಂಟು ಬೆಂದುಹೋಗಿತ್ತು. ಚೂರುಚೂರಾಗಿ ಬಂತು, ಪೂರ್ತಿ ಬರಲಿಲ್ಲ.

"ಇನ್ನು ಕೊಡಬಹುದಲ್ಲಮ್ಮಾ," ಎಂದ ಮಧುಕರ್. ದನಿ ಅವನದೇ ಎನಿಸಲಿಲ್ಲ. "ಬರೆದ್ನಲ್ಲ, ಎಲ್ಲಾ."

"ಬರೆದ್ರಿ ಅಂಕಲ್, ಒಳ್ಳೇದಾಯ್ತು." ಅವಳು ಟವಲಿನಲ್ಲಿ ಪೆಟ್ಟಿಗೆಯನ್ನು ಸುತ್ತಿದಳು. "ಇದನ್ನ ಮಾತ್ರ ನಿಮಗೆ ಮಾರಲ್ಲ."

"ಇನ್ನೊಂದು ಬಂದ್ರೆ ಹೇಳ್ತೀನಿ ಸಾರ್," ಎಂದು ಖಾದರ್ ಶುರುಮಾಡಿದ.

"ಹೇಳಲ್ಲ ಅಬ್ಬಾ," ಎಂದಳು ಅರೀಬಾ. ಭಾಗ್ಯಲಕ್ಷ್ಮಿಗೆ, "ಬರ್ತೀವಿ ಆಂಟಿ, ಚಹಾ ಕುಡೀಲಿಲ್ಲ, ಬೇಜಾರ್ ಮಾಡ್ಕೋಬೇಡಿ," ಎಂದು ಹೇಳಿ ಮೆಟ್ಟಿಲಿಳಿದಳು. ಭಾಗ್ಯಲಕ್ಷ್ಮಿ ಅವರ ಜೊತೆ ಗೇಟಿನವರೆಗೂ ಇಳಿದು ಹೋದಳು. ಬಂದವರನ್ನು ಬೀಳ್ಕೊಡಲು ಅವಳು ಯಾವತ್ತೂ ಅಷ್ಟು ದೂರ ಹೋದವಳಲ್ಲ.

ಮಧುಕರ್ ಬಾಲ್ಕನಿಗೆ ಬಂದ. ಖಾದರ್ ಸ್ಕೂಟರ್ ಶುರುಮಾಡಿದ. ಹಿಂದೆ ಅರೀಬಾ ಟವಲಿನ ಗಂಟನ್ನು ಅಪ್ಪನ ಬೆನ್ನಿಗೂ ತನ್ನ ಹೊಟ್ಟೆಗೂ ನಡುವೆ ಒತ್ತಿ ಹಿಡಿದು ಕೂತಳು. ರಸ್ತೆಯ ತುದಿಯಲ್ಲಿ ನೀರಿನ ಟ್ಯಾಂಕರೊಂದು ತಿರುಗಲಾರದೆ ಅಡ್ಡ ನಿಂತಿತ್ತು. ಸ್ಕೂಟರ್ ಅದರ ಹಿಂದೆ ನಿಂತಿತು. ಖಾದರ್ ಕತ್ತು ತಿರುಗಿಸಿ ಏನೋ ಹೇಳಿದ. ಅರೀಬಾ ತಲೆ ಹಿಂದಕ್ಕೆ ಹಾಕಿ ನಕ್ಕು, ಅಪ್ಪನ ಬೆನ್ನಿಗೆ ಒಂದು ಏಟು ಕೊಟ್ಟಳು. ಏನು ಹೇಳಿದ್ದೆಂದು ಇಲ್ಲಿಗೆ ಕೇಳಿಸಲಿಲ್ಲ. ಮಧುಕರನ ಕೈಯಲ್ಲಿ ಫೋನು ಇನ್ನೂ ಗುಂಯ್‌ಗುಟ್ಟುತ್ತಿತ್ತು.

ಟ್ಯಾಂಕರ್ ಕೊನೆಗೂ ಸರಿಯಿತು. ಅದರ ಕೊಳವೆಯಿಂದ ಸೋರಿದ ನೀರನ್ನು ಹಾಯ್ದು ಸ್ಕೂಟರ್ ಮುಂದೆ ಹೋಗಿ ತಿರುವಿನಲ್ಲಿ ಮರೆಯಾಯಿತು. ಒಣ ಡಾಂಬರಿನ ಮೇಲೆ ಒಂದಷ್ಟು ದೂರ ಒದ್ದೆ ಚಕ್ರದ ಗೆರೆ ಉಳಿದಿತ್ತು. ಬಿಸಿಲಿಗೆ ಅದು ಆ ತುದಿಯಿಂದ ಒಣಗುತ್ತ, ಮೆಲ್ಲಗೆ ಈ ಕಡೆಗೆ ಬರುತ್ತಿತ್ತು.